ಶೈಲಾಳನ್ನು ಕ್ಷಮಿಸು ಎಂದೆ

ಕೃಪಾ, ನಿನ್ನ ಗುಟ್ಟನ್ನು ಹೊರಗೆ ಹಾಕಿದ್ದು ಶೈಲಾ ಅಲ್ಲ. ನಾನು.

ಇಷ್ಟು ಬರೆಯುವುದಕ್ಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು — ಅದೂ ಶೈಲಾ ತೀರಿಕೊಂಡ ಮೇಲೆ. ಚನ್ನಗಿರಿಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ನಮ್ಮ ಪುಟ್ಟ ಚರ್ಚಿನ ಭಾನುವಾರದ ಶಾಲೆಯಲ್ಲಿ ಸುಳ್ಳಾಡಬಾರದು ಎಂಬ ಪಾಠ ಬಂದಾಗಲೆಲ್ಲ, ಅದನ್ನು ಸುಗುಣಾ ಟೀಚರೇ ಮಾಡಲಿ ಎಂದು ನನಗೇ ಬಿಡುತ್ತಿದ್ದರು. ಚೆನ್ನಾಗಿಯೇ ಮಾಡುತ್ತಿದ್ದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವ ಗಾದೆ ಹುಟ್ಟಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಹೇಳುತ್ತೇನೆ. ನಿನಗೆ ಬಾಯಲ್ಲಿ ಹೇಳಿದ ಮೇಲೆ ಇದನ್ನು ನಮ್ಮ ಚರ್ಚಿನ ಮಾಸಪತ್ರಿಕೆಗೆ ಕೊಡಬೇಕೆಂದಿದ್ದೇನೆ. ನಮ್ಮನ್ನು ಕಂಡರಿಯದವರೂ ಓದುತ್ತಾರೆ, ಅವರಿಗೂ ತಿಳಿಯಬೇಕು.

ನೀನು ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದ ಕಾಂಪೌಂಡರ್ ಸತ್ಯಾನಂದರ ಮಗಳು. ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಆರಾಧನೆಯಲ್ಲಿ ನೀನು ಕೀರ್ತನೆ ಎತ್ತಿಕೊಂಡರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗಾಗುತ್ತಿದ್ದರು. ಶೈಲಾ ನಿನ್ನ ತರಗತಿಯವಳು, ನಲ್ಲೂರಿನಿಂದ ಬಸ್ಸಿಗೆ ಬರುತ್ತಿದ್ದವಳು — ಹಣೆಯ ಮೇಲೆ ವಿಭೂತಿ, ಬಾಯಿ ತುಂಬ ಮಾತು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರಿದ ಮೇಲೂ ಶನಿವಾರದ ಮಧ್ಯಾಹ್ನ ನೀವಿಬ್ಬರೂ ನಮ್ಮ ಮನೆಗೆ ಬರುವುದು ತಪ್ಪಲಿಲ್ಲ. ಬರುತ್ತಿದ್ದುದು ಕಾದಂಬರಿಗಾಗಿ. ಶಾಲೆಯ ಪುಸ್ತಕದ ಬೀರು ನನ್ನ ಸುಪರ್ದಿನಲ್ಲಿತ್ತು. ಅದರಲ್ಲಿಲ್ಲದ ಪತ್ತೇದಾರಿ, ಪ್ರೇಮ, ದೆವ್ವದ ಕಾದಂಬರಿಗಳೆಲ್ಲ ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದವು. ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ, ಹೆಂಡತಿ ಮನೆಗೆ ಬಂದರೆ ಓದುತ್ತಿದ್ದುದನ್ನು ದಿಂಬಿನಡಿ ತುರುಕಿ, ಪ್ರಾರ್ಥನೆಯಲ್ಲಿದ್ದೆ ಎನ್ನುವ ಮುಖ ಮಾಡಿಕೊಂಡು ಬಾಗಿಲು ತೆಗೆಯುತ್ತಿದ್ದೆ. ನೀವಿಬ್ಬರೂ ಒಳಗೆ ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದಿರಿ.

ನೀನು ಒಂದೊಂದು ಪುಟವನ್ನೂ ನಿಧಾನವಾಗಿ, ತುಟಿ ಅಲುಗಿಸುತ್ತ ಓದುವವಳು. ಶೈಲಾ ಕೊನೆಯ ಪುಟವನ್ನೇ ಮೊದಲು ತೆಗೆಯುವವಳು. "ಯಾರ್ ಸಾಯ್ತಾರೆ ಅಂತ ಮೊದ್ಲೇ ನೋಡ್ಕಂಡ್‌ಬಿಟ್ರೆ ಆಮ್ಯಾಲೆ ಆರಾಮಾಗಿ ಓದಬೌದು ಟೀಚರ್" ಎನ್ನುತ್ತಿದ್ದಳು. ನಾನು ಬೈಯುತ್ತಿದ್ದೆ. ನಿಮ್ಮಿಬ್ಬರಿಗೂ ನಾನು ಭಾಷಣ ಬಿಗಿಯುತ್ತಿದ್ದುದೂ ಆಗಲೇ. ಚರ್ಚಿನಲ್ಲಿ ಹಾಡಿದ್ದು ಮಾತ್ರ ದೇವರ ಹಾಡು, ಉಳಿದದ್ದೆಲ್ಲ ಲೋಕದ್ದು ಎಂದು ಗೆರೆ ಎಳೆಯುವುದು ಮನುಷ್ಯರ ಕೆಲಸ; ಒಳ್ಳೆಯದು ಎಲ್ಲೇ ಇರಲಿ, ಸಿನಿಮಾದ ಹಾಡಿನಲ್ಲೇ ಇರಲಿ, ಅದು ದೇವರದೇ — ಹೀಗೆ. ಇದನ್ನೇ ಪತ್ರಿಕೆಯಲ್ಲಿ ಒಂದು ಲೇಖನವಾಗಿಯೂ ಬರೆದಿದ್ದೆ, ಸ್ವಲ್ಪ ನುಣ್ಣಗೆ ಮಾಡಿ, ಯಾರಿಗೂ ಚುಚ್ಚದ ಹಾಗೆ. ನಂಬಿಯೇ ಬರೆದಿದ್ದೆ. ಈಗಲೂ ನಂಬುತ್ತೇನೆ. ಆದರೆ ಮನೆಯಲ್ಲಿ ಕೂತು ನಂಬುವುದಕ್ಕೂ ನಾಲ್ಕು ಜನರ ನಡುವೆ ನಂಬುವುದಕ್ಕೂ —

ನೀನು ನನ್ನ ಮಾತನ್ನು ನಿಜವೆಂದುಕೊಂಡೆ. ಮಕ್ಕಳು ಹಾಗೇ ಅಲ್ಲವೇ.

ಆ ವರ್ಷ ಗಣಪತಿ ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ನೀನು ಒಬ್ಬಳೇ ಬಂದೆ. ಚಹಾ ಕುಡಿಯಲಿಲ್ಲ, ಪುಸ್ತಕ ಕೇಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತು, "ಟೀಚರ್, ಒಂದ್ ವಿಷ್ಯ ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ" ಎಂದೆ. ಶೈಲಾಳ ಸೋದರಮಾವ ಹೊನ್ನಾಳಿಯಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಹಾಡುಗಾರ್ತಿಗೆ ಜ್ವರ ಬಂದು ಮಲಗಿದಾಗ ಶೈಲಾ ನಿನ್ನ ಹೆಸರು ಹೇಳಿದ್ದಳು. ನಲ್ಲೂರಿನಲ್ಲಿ ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆಂದು ತಂದೆಗೆ ಹೇಳಿ, ಅವಳದೇ ಸೀರೆ ಉಟ್ಟು, ನ್ಯಾಮತಿಯ ಗಣಪತಿ ಪೆಂಡಾಲಿನ ವೇದಿಕೆಯ ಮೇಲೆ ನೀನು ಹಾಡಿದ್ದೆ.

"ಸಿನ್ಮಾ ಹಾಡು ಅಷ್ಟೇ ಟೀಚರ್. ಒಂದು ಹಾಡಿಗೆ ಮುಂದೆ ಕುಂತಿದ್ದ ಅಜ್ಜಿ ಕಣ್ಣೊರಸ್ಕಂತಿದ್ಲು. ನಂಗೆ ಆಗ... ದೇವ್ರು ಅಲ್ಲೇ ಅದಾನೆ ಅನ್ನಿಸ್ತು. ತಪ್ಪಾ ಟೀಚರ್? ನೀವೇ ಹೇಳಿದ್ರಲ್ಲ, ಒಳ್ಳೇದು ಎಲ್ಲಿದ್ರೂ ದೇವರದೇ ಅಂತ."

ತಪ್ಪಲ್ಲ ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿದೆ. ನೀನು ಹಗುರಾಗಿ ಹೊರಟುಹೋದೆ. ಅಂದು ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮುಂದಿನ ಬುಧವಾರ ಸ್ತ್ರೀಯರ ಪ್ರಾರ್ಥನಾ ಕೂಟ. ಕೂಟ ಹೇಗೆ ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಯಾರಾದರೊಬ್ಬರ ಮನೆಯಲ್ಲಿ ಚಾಪೆ ಹಾಸಿ ಸುತ್ತಲೂ ಕೂರುತ್ತೇವೆ. ಒಂದು ಕೀರ್ತನೆ, ವಾಕ್ಯ ಓದುವುದು, ಆಮೇಲೆ ಸರದಿಯಂತೆ ಪ್ರಾರ್ಥನಾ ವಿಷಯ. ಗಂಡನ ಕುಡಿತ, ಸೊಸೆಯ ಬಸಿರು, ಮಗನ ಕೆಲಸ — ಒಬ್ಬೊಬ್ಬರೂ ತಮ್ಮ ಹೊರೆಯನ್ನು ನಡುವೆ ಇಡುತ್ತಾರೆ, ಎಲ್ಲರೂ ಸೇರಿ ದೇವರ ಮುಂದೆ ಎತ್ತುತ್ತೇವೆ. ಕೂಟದಲ್ಲಿ ಕೇಳಿದ್ದು ಹೊಸ್ತಿಲು ದಾಟಬಾರದು ಎಂಬುದು ನಿಯಮ. ಸಂಜೆಯ ಧಾರಾವಾಹಿ ಶುರುವಾಗುವುದರೊಳಗೆ ಮುಗಿಯಬೇಕು ಎಂಬುದೂ ನಿಯಮವೇ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಯಾರದೋ ಮದುವೆ ಮುರಿಯುವ ಕಂತಿದ್ದ ದಿನ ಅಯ್ಯನವರ ಹೆಂಡತಿಯ ಪ್ರಾರ್ಥನೆಯೂ ಚುಟುಕಾಗುತ್ತಿತ್ತು.

ನಾನು ಒಂಟಿ ಹೆಂಗಸು. ಗಂಡ, ಮಕ್ಕಳು, ಅತ್ತೆ ಯಾರೂ ಇಲ್ಲ. ಸರದಿ ನನ್ನ ಬಳಿಗೆ ಬಂದಾಗಲೆಲ್ಲ ಶಾಲೆಗಾಗಿ ಪ್ರಾರ್ಥಿಸಿ ಎನ್ನುತ್ತಿದ್ದೆ. ಎಲ್ಲರೂ ಮರ್ಯಾದೆಗೆ ತಲೆಯಾಡಿಸಿ ಮುಂದಿನವಳ ಕಡೆ ತಿರುಗುತ್ತಿದ್ದರು. ಆ ದಿನ ನನಗಿಂತ ಮುಂಚಿನವಳು ತನ್ನ ನಾದಿನಿಯ ಕಥೆ ಹೇಳಿ ಎಲ್ಲರನ್ನೂ ಅಳಿಸಿದ್ದಳು. ನನ್ನ ಸರದಿ ಬಂತು. ನಾನು ಸುಮ್ಮನೆ ಶಾಲೆಗಾಗಿ ಎಂದಿದ್ದರೆ —

"ನಮ್ಮ ಸಭೆಯ ಒಬ್ಬ ಮಗಳು ದಾರಿ ತಪ್ಪುತ್ತಿದ್ದಾಳೆ" ಎಂದೆ.

ಚಾಪೆಯ ಮೇಲೆ ಇದ್ದಬದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ತಿರುಗುವಿಕೆಯ ರುಚಿ — ಅದನ್ನು ಹೇಳದಿದ್ದರೆ ಈ ತಪ್ಪೊಪ್ಪಿಗೆಗೆ ಅರ್ಥವೇ ಇಲ್ಲ. ನಿನ್ನ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕಾಳಜಿಯಲ್ಲ ಕೃಪಾ. ಅಷ್ಟು ಜನ ನನ್ನ ಮಾತಿಗಾಗಿ ಕಾಯುತ್ತಿದ್ದರು, ಅದು ನನಗೆ ಹಿತವಾಯಿತು. ಕಥೆ ಓದಿ ಓದಿ ಕಥೆ ಹೇಳುವುದು ನನಗೆ ಕರಗತವಾಗಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಲ್ಲ ಗೊತ್ತು. ಮೊದಲು ತಾಯಿಯಿಲ್ಲದ ಮಗು ಎಂದೆ. ಆಮೇಲೆ ತಂದೆಗೆ ಹೇಳಿದ ಸುಳ್ಳು. ಕೊನೆಗೆ, ನಿಟ್ಟುಸಿರಿಟ್ಟು, ವೇದಿಕೆ. ಓದು ಮನುಷ್ಯರನ್ನು ದೊಡ್ಡವರನ್ನಾಗಿ ಮಾಡುತ್ತದೆ ಎಂದು ತರಗತಿಯಲ್ಲಿ ಹೇಳುತ್ತ ಬಂದವಳು ನಾನು. ಆ ದಿನ ನನ್ನ ಓದೆಲ್ಲ ನಿನ್ನನ್ನು ಒಂದು ಪಾತ್ರ ಮಾಡುವುದಕ್ಕೆ ಖರ್ಚಾಯಿತು. ಅಜ್ಜಿ ಕಣ್ಣೊರೆಸಿಕೊಂಡದ್ದನ್ನು ಮಾತ್ರ ಹೇಳಲಿಲ್ಲ, ಅದು ಕಥೆಗೆ ಹೊಂದುತ್ತಿರಲಿಲ್ಲ.

ನಿನ್ನ ಹೆಸರು ಹೇಳಲಿಲ್ಲ. ಇದನ್ನೇ ಹಿಡಿದುಕೊಂಡು ಇಷ್ಟು ದಿನ ಬದುಕಿದೆ. ಆದರೆ ನಮ್ಮ ಸಭೆಯಲ್ಲಿ ತಾಯಿಯಿಲ್ಲದ, ಹಾಡುವ, ಕಾಲೇಜಿಗೆ ಹೋಗುವ ಹುಡುಗಿ ಬೇರೆ ಯಾರಿದ್ದರು? ಅಯ್ಯನವರ ಹೆಂಡತಿ, "ಅಯ್ಯೋ, ಆ ಹುಡುಗಿಗೆ ಇಂಥಾ ಬುದ್ಧಿ ಯಾರು ಕೊಟ್ರೋ" ಎಂದರು. ಕೊಟ್ಟವಳು ಅಲ್ಲೇ ಕೂತಿದ್ದಳು. ಕಣ್ಣು ಮುಚ್ಚಿ ಪ್ರಾರ್ಥನೆಗೆ ತಲೆಬಾಗಿದೆ.

ಮಾತು ಹೊಸ್ತಿಲು ದಾಟಿತು. ಯಾರ ಬಾಯಿಂದ ದಾಟಿತೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ದಾಟಿಸಿದವರು ಯಾರೂ ಎಲ್ಲಿ ಕೇಳಿದೆನೆಂದು ಹೇಳುವ ಹಾಗಿರಲಿಲ್ಲ, ಹೇಳಿದರೆ ನಿಯಮ ಮುರಿದವಳು ತಾನೇ ಆಗುತ್ತಾಳೆ. ಹೀಗೆ ಸುದ್ದಿ ನಿನ್ನ ತಂದೆಯವರೆಗೆ ಹೋಯಿತು, ನನ್ನ ಹೆಸರು ಮಾತ್ರ ಚಾಪೆಯ ಮೇಲೇ ಉಳಿಯಿತು.

ಆಮೇಲಿನದು ನಿನಗೆ ಗೊತ್ತು. ಹಿರಿಯರ ಮಗಳೆಂದರೆ ಸುಮ್ಮನೆ ಬಿಡುವುದಕ್ಕಾಗುತ್ತದೆಯೇ ಎಂದರು. ಭಾನುವಾರ ಆರಾಧನೆ ಮುಗಿದ ಮೇಲೆ ನಿನ್ನನ್ನು ಸಭೆಯ ಮುಂದೆ ನಿಲ್ಲಿಸಿ ತಪ್ಪಾಯಿತೆಂದು ಹೇಳಿಸಿದರು, ಗಾಯಕರ ಗುಂಪಿನಿಂದಲೂ ತೆಗೆದರು. ನಿನ್ನ ತಂದೆ ಮುಂದಿನ ಬೆಂಚಿನಲ್ಲಿ ನೆಲ ನೋಡುತ್ತ ಕೂತಿದ್ದರು. ನಿನ್ನ ಕಣ್ಣು ಆ ಮುಖಗಳಲ್ಲೆಲ್ಲ ಹುಡುಕಿ ನನ್ನ ಮುಖದ ಮೇಲೆ ನಿಂತಿತು. ನನ್ನನ್ನು ನೋಡಿಕೊಂಡೇ ನೀನು ಆ ಎರಡು ವಾಕ್ಯ ಹೇಳಿ ಮುಗಿಸಿದೆ. ನಾನು ಧೈರ್ಯ ಕೊಡುವ ಹಾಗೆ ತಲೆಯಾಡಿಸಿದೆ. ದೇವರೇ, ತಲೆಯಾಡಿಸಿದೆ.

ಅಂದೇ ಮಧ್ಯಾಹ್ನ ನಮ್ಮ ಮನೆಗೆ ಬಂದು ನನ್ನ ಮಡಿಲಲ್ಲಿ ಬಿದ್ದು ಅತ್ತೆ. "ಶೈಲಾನೇ ಹೇಳಿರಬೇಕು ಟೀಚರ್. ಚನ್ನಗಿರಿನಾಗೆ ಗೊತ್ತಿದ್ದಿದ್ದು ಅವಳಿಗೆ, ನಿಮಗೆ, ಇಬ್ಬರಿಗೇ. ನೀವಂತೂ ಹೇಳಲ್ಲ."

ಆ ಕ್ಷಣದಲ್ಲಿ ಬಾಗಿಲು ಪೂರಾ ತೆರೆದಿತ್ತು. ನಾನೇ ಹೇಳಿದ್ದು ಮಗಳೇ ಎನ್ನಬಹುದಿತ್ತು. ನೀನು ನನ್ನನ್ನು ಬೈದು ಎದ್ದುಹೋಗುತ್ತಿದ್ದೆ, ನೇರ ನಲ್ಲೂರಿಗೆ ಹೋಗಿ ಶೈಲಾಳ ಕೊರಳಿಗೆ ಬಿದ್ದು ಅಳುತ್ತಿದ್ದೆ. ನಾನು ನಿನ್ನ ಕೂದಲು ನೇವರಿಸುತ್ತ ಹೇಳಿದ್ದು ಇಷ್ಟು:

"ಹೋಗಲಿ ಬಿಡಮ್ಮ. ಅವಳನ್ನು ಕ್ಷಮಿಸಿಬಿಡು."

ಸುಳ್ಳು ಹೇಳಲಿಲ್ಲ ನೋಡು. ಅವಳೇ ಹೇಳಿದ್ದು ಎನ್ನಲಿಲ್ಲ. ಕ್ಷಮಿಸು ಎಂದೆ. ನಮ್ಮ ಧರ್ಮದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಆ ಮಾತಿನಿಂದಲೇ ಒಬ್ಬ ನಿರಪರಾಧಿ ಹುಡುಗಿಯನ್ನು ಅಪರಾಧಿ ಮಾಡಿದೆ. ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ ನಿನಗೆ.

ಶೈಲಾ ನಿನ್ನ ಮನೆಗೆ ಬಂದಳು, ನೀನು ಬಾಗಿಲು ತೆಗೆಯಲಿಲ್ಲ. ಅಲ್ಲಿಂದ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಡದೆ ನಿಂತೇ ಕೇಳಿದಳು:

"ನೀವೇನಾರ ಯಾರ ಹತ್ರನಾರ ಹೇಳಿದ್ರಾ ಟೀಚರ್?"

"ನಾನ್ಯಾಕೆ ಹೇಳಲಿ?" ಎಂದೆ. ಅದೂ ಸುಳ್ಳಲ್ಲ, ಬರೀ ಪ್ರಶ್ನೆ.

ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಹಂಗಾದ್ರೆ ಸರಿ ಬಿಡ್ರಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ನಿನ್ನನ್ನು ಗಾಯಕರ ಗುಂಪಿಗೆ ಮತ್ತೆ ಸೇರಿಸಿಕೊಂಡರು, ಕ್ರಿಸ್‌ಮಸ್ ಹತ್ತಿರ ಬಂದಿತ್ತಲ್ಲ. ನಾನು ನಿನ್ನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ನಿನ್ನ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಎದುರಿಗೆ ಕೂತವರಿಗೆ ಅದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು. ಒಂದೊಂದು ಕೀರ್ತನೆಯಲ್ಲೂ ಈಗ ಬರಬಹುದು, ಈಗ ಬರಬಹುದು ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಬರಲೇ ಇಲ್ಲ. ಓದು ಅರ್ಧಕ್ಕೆ ನಿಂತು ನಿನಗೆ ಜಗಳೂರಿಗೆ ಮದುವೆಯಾಯಿತು. ಗಂಡ ಒಳ್ಳೆಯವನು, ಮಕ್ಕಳಾದವು, ನೀನೂ ಅಲ್ಲಿಯ ಶಾಲೆಯೊಂದರಲ್ಲಿ ಚಿಕ್ಕಮಕ್ಕಳ ಟೀಚರಾದೆ. ನನ್ನ ಹಾಗೆ ಆಗಬೇಕೆಂದೇ ಟೀಚರಾದೆ ಎಂದು ಒಮ್ಮೆ ಹೇಳಿದೆ — ಆ ದಿನ ಊಟ ಸೇರಲಿಲ್ಲ ನನಗೆ. ಶಿಶುಗೀತೆಗಳನ್ನು ಮೊಬೈಲಿನಲ್ಲಿ ಹಾಕಿ ಮಕ್ಕಳನ್ನು ಕುಣಿಸುತ್ತೀಯಂತೆ, ಬಾಯಿಬಿಟ್ಟು ಹಾಡುವುದಿಲ್ಲವಂತೆ. ಈಗ ಊರೂರಲ್ಲಿ ಹೆಣ್ಣುಮಕ್ಕಳು ಒಲೆಯ ಮುಂದೆ ನಿಂತು ಸಿನಿಮಾ ಹಾಡು ಹಾಡಿ ಮೊಬೈಲಿನಲ್ಲಿ ಬಿಡುತ್ತಾರೆ. ನಮ್ಮ ಸಭೆಯ ಹುಡುಗಿಯರೂ ಬಿಡುತ್ತಾರೆ, ಅಂದು ಚಾಪೆಯ ಮೇಲೆ ಕೂತಿದ್ದ ಹೆಂಗಸರೇ ಅದಕ್ಕೆ ಹೃದಯದ ಗುರುತು ಒತ್ತುತ್ತಾರೆ. ನಾನೂ ಒತ್ತಿದ್ದೇನೆ. ಕಾಲ ಬದಲಾಗುವುದಕ್ಕೆ ಎಷ್ಟು ಕಡಿಮೆ ಸಾಕು, ಮತ್ತು ನಿನ್ನ ಪಾಲಿಗೆ ಅದು ಎಷ್ಟು ತಡವಾಗಿ ಬಂತು.

ಕಳೆದ ತಿಂಗಳು ನಿನ್ನ ಫೋನು ಬಂತು. ಶೈಲಾ ತೀರಿಕೊಂಡ ಸುದ್ದಿ ನಿನಗೆ ಯಾರಿಂದಲೋ ತಲುಪಿತ್ತು. ಕಿಡ್ನಿಯ ಕಾಯಿಲೆಯಿಂದ ಬಹಳ ದಿನ ನರಳಿ, ತವರಿಗೆ ಬಂದು, ಅಲ್ಲೇ ಹೋದಳೆಂದು ನೀನೇ ಹೇಳಿದೆ. ಆಮೇಲೆ ಅಳುತ್ತ,

"ನಾನು ಮಣ್ಣಿಗೂ ಹೋಗ್ಲಿಲ್ಲ ಟೀಚರ್. ಹೋಗಾಕೆ ಮನಸೇ ಬರ್ಲಿಲ್ಲ. ನೀವು ಅವತ್ತೇ ಹೇಳಿದ್ರಿ ಕ್ಷಮಿಸಿಬಿಡು ಅಂತ. ಇಷ್ಟು ವರ್ಷ ಆದ್ರೂ ನಂಗೆ ಆಗ್ಲಿಲ್ಲ. ನಾನೆಂಥಾ ಕ್ರೈಸ್ತಳು" ಎಂದೆ.

ಕೃಪಾ, ಅವಳನ್ನು ಕ್ಷಮಿಸಲಾಗಲಿಲ್ಲವೆಂದು ನೀನು ದೇವರ ಮುಂದೆ ತಲೆ ತಗ್ಗಿಸಿಕೊಂಡು ಬದುಕಿದ್ದೀಯ. ಕ್ಷಮಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ ಮಗಳೇ. ಇಲ್ಲದ ತಪ್ಪಿನ ಜೊತೆ ಇಪ್ಪತ್ತು ವರ್ಷ ಗುದ್ದಾಡಿದ್ದೀಯ. ಫೋನಿನಲ್ಲಿ ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಪ್ರಾರ್ಥನೆ ಮಾಡೋಣ ಎಂದೆ. ಹಾಳು ಬಾಯಿಗೆ ಅದೊಂದು ರೂಢಿಯಾಗಿಬಿಟ್ಟಿದೆ.

ಆ ವಾರವೇ ನಲ್ಲೂರಿಗೆ ಹೋದೆ. ಶೈಲಾಳ ತಾಯಿ ರತ್ನಮ್ಮ ನನ್ನನ್ನು ಕಂಡು ಎದ್ದುಬಂದು ಕೈಹಿಡಿದರು. ಮಂಡಕ್ಕಿ, ಚಹಾ ಕೊಟ್ಟರು. ನಾನು ಹೇಳಬೇಕೆಂದು ಬಂದದ್ದನ್ನು ಹೇಳಲು ಬಾಯಿ ತೆರೆದೆ. "ರತ್ನಮ್ಮಾರೆ, ಅವತ್ತು ಕೃಪಾಳ ವಿಷಯ..." ಎನ್ನುತ್ತಿದ್ದಂತೆ ಅವರು ಕೈಯಾಡಿಸಿದರು.

"ಗೊತ್ತೈತ್ರಿ ಟೀಚರಮ್ಮ. ಶೈಲಾಗೂ ಗೊತ್ತಿತ್ತು. ನಿಮ್ಮ ಮನೆ ಮೆಟ್ಟಿಲಿಂದ ಬಂದ ದಿನಾನೇ ಹೇಳಿದ್ಲು, ಟೀಚರೇ ಹೇಳಿರೋದು ಅವ್ವ ಅಂತ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಹೋಗಿ ಆ ಹುಡುಗಿಗೆ ಹೇಳು ಅಂದ್ನಲ್ರಿ ನಾನು. ಬ್ಯಾಡ ಅವ್ವ ಅಂದ್ಲು. ಕೃಪಾಗೆ ತಾಯಿಲ್ಲ, ಅವರಪ್ಪ ಮಾತು ಬಿಟ್ಟಾರೆ, ಈಗ ಅವಳಿಗೆ ಅಂತ ಇರೋದು ಟೀಚರೊಬ್ರೇ. ಅವರನ್ನೂ ಕಿತ್ಕಂಡ್ರೆ ಅವಳು ಎಲ್ಲಿಗೆ ಹೋಗ್ತಾಳೆ ಅಂದ್ಲು."

ರತ್ನಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗಿನಿಂದ ಮಗಳ ಮೊಬೈಲು ತಂದು ಒಂದು ವಿಡಿಯೊ ಹಾಕಿದರು. ಯಾರೋ ಅಂದು ನ್ಯಾಮತಿಯಲ್ಲಿ ಕ್ಯಾಮೆರಾದಲ್ಲಿ ತೆಗೆದದ್ದು, ಆಮೇಲೆ ಮೊಬೈಲಿಗೆ ಹಾಕಿಸಿಕೊಂಡದ್ದು, ಚಿತ್ರ ಮಸುಕಾಗಿತ್ತು. ಕಾಯಿಲೆಯಲ್ಲಿ ಮಲಗಿದ್ದಾಗ ಶೈಲಾ ಇದನ್ನೇ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದಳಂತೆ. ದೊಗಳೆ ರವಿಕೆಯ ಆ ಹುಡುಗಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತವಳು, ನೀನು. ನಾನು ನಿನ್ನನ್ನು ಕೂಟದ ಮುಂದೆ ಇಟ್ಟ ದಿನ ಈ ಹಾಡನ್ನು ಕೇಳಿರಲೇ ಇಲ್ಲ. ಕೇಳದೆಯೇ ದಾರಿ ತಪ್ಪುತ್ತಿದ್ದಾಳೆ ಎಂದಿದ್ದೆ. ಮೊದಲ ಸಲ ಕೇಳಿದೆ, ರತ್ನಮ್ಮನ ಪಡಸಾಲೆಯಲ್ಲಿ, ಅವರ ಮಗಳ ಫೋಟೋದ ಎದುರು. ನೀನು ಅಂದು ನನಗೆ ಹೇಳಿದ್ದು ನಿಜ ಕೃಪಾ. ದೇವರು ಅಲ್ಲೇ ಇದ್ದ.

ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡೆ. "ದೇವರ ಹತ್ರ ಅರಿಕೆ ಮಾಡಿಕೊಂಡಿದ್ದೀರಲ್ಲ ಟೀಚರ್, ಅವನು ಮನ್ನಿಸಿದ್ದಾನೆ. ಈಗ ಆ ಅಕ್ಕನಿಗೆ ಹೇಳಿ ಮತ್ತೆ ಯಾಕೆ ನೋಯಿಸ್ತೀರಿ?" ಎಂದರು. ಮನೆಗೆ ಬರುವವರೆಗೂ ಆ ಮಾತು ಸಿಹಿಯಾಗಿತ್ತು. ಆಮೇಲೆ ಯೋಚಿಸಿದೆ. ಶೈಲಾ ಬಾಗಿಲು ತಟ್ಟಿದಾಗ ಒಳಗಿದ್ದದ್ದು ದೇವರಲ್ಲ, ನೀನು. ನಿನಗೆ ಕೊಡಬೇಕಾದದ್ದನ್ನು ದೇವರಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಎಂಥ ಭಕ್ತಿ? ನಿನ್ನನ್ನು ನೋಯಿಸಬಾರದೆಂಬ ನೆಪ ಹಿಡಿದು ನನ್ನನ್ನೇ ಕಾಪಾಡಿಕೊಳ್ಳುವುದನ್ನು ಈ ವಯಸ್ಸಿನಲ್ಲಾದರೂ ಬಿಡಬೇಕು.

ನಾಳೆ ಬೆಳಿಗ್ಗೆ ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಬಸ್ಸು ಹತ್ತುತ್ತೇನೆ. ನನ್ನನ್ನು ಕಂಡ ಕೂಡಲೇ ನೀನು "ಬರ್ರಿ ಟೀಚರ್" ಎಂದು ಕೈಯಿಂದ ಚೀಲ ತೆಗೆದುಕೊಳ್ಳುತ್ತೀಯ, ಗೊತ್ತು. ಚೀಲ ಕೊಡುವ ಮೊದಲೇ, ಹೊರಗೆ ನಿಂತೇ ಹೇಳಿಬಿಡುತ್ತೇನೆ. ಕ್ಷಮೆ ಕೇಳುವುದಿಲ್ಲ. ಆ ಮಾತನ್ನು ನಿನ್ನ ಮುಂದೆ ಇನ್ನೊಮ್ಮೆ ಎತ್ತುವ ಯೋಗ್ಯತೆ ನನಗಿಲ್ಲ. ನೀನು ಬೈದರೆ ಕೇಳಿಸಿಕೊಳ್ಳುತ್ತೇನೆ, ಮಾತಾಡದೆ ಒಳಗೆ ಹೋದರೆ ಬಂದ ದಾರಿಯಲ್ಲೇ ಹಿಂತಿರುಗುತ್ತೇನೆ. ನಿನಗೆ ಇರುವುದು ನಾನೊಬ್ಬಳೇ ಎಂದು ನಿನ್ನನ್ನು ನನಗೆ ಬಿಟ್ಟುಕೊಟ್ಟು ಹೋದಳಲ್ಲ ಶೈಲಾ, ನಾಳೆಯಿಂದ ನಿನ್ನ ಪಾಲಿಗೆ ಆ ಟೀಚರೂ ಇರುವುದಿಲ್ಲ. ಆದರೆ ಅವಳು ನಿನ್ನವಳೇ ಆಗಿದ್ದಳು, ಕೊನೆಯವರೆಗೂ. ಅಷ್ಟು ನಿನಗೆ ಸೇರಬೇಕು.

ನನ್ನ ಮೇಲಿನ ಸಿಟ್ಟು ಆಮೇಲೆ ಇದ್ದೇ ಇರುತ್ತದೆ, ಮೊದಲು ನಲ್ಲೂರಿಗೆ ಹೋಗು. ನೀನು ಯಾಕೆ ಬರಲಿಲ್ಲ ಎಂದು ರತ್ನಮ್ಮ ಕೇಳುವುದಿಲ್ಲ. ಯಾವಾಗ ಬರುತ್ತಾಳೆ ಎಂದು ಮಾತ್ರ ನನ್ನನ್ನು ಕೇಳಿದರು.